ಸೊಂಟದ ಬಾಲ್ ಬದಲಾಯಿಸಿದವರನ್ನು ಮೊದಲ ಸಲ ಎಬ್ಬಿಸುವುದು ಹೇಗೆ?

ಆರ್ಥೋ_ಸಹಾಯಕ:
ಫಿಸಿಯೋ ಅಸಿಸ್ಟೆಂಟ್ ಕೆಲಸಕ್ಕೆ ಹೊಸಬ. ತೊಡೆಮೂಳೆಯ ಕುತ್ತಿಗೆ ಮುರಿದು ಹೆಮಿ (ಸೊಂಟದ ಕೀಲಿನ ಬಾಲ್ ಮಾತ್ರ ಬದಲಾಯಿಸೋ ಆಪರೇಷನ್) ಆದ ವಯಸ್ಸಾದವರು, ಪೋಸ್ಟೀರಿಯರ್ ಅಪ್ರೋಚ್, ಅಂದರೆ ಕೀಲಿನ ಹಿಂಭಾಗದಿಂದ ಕೊಯ್ದಿದ್ದು. ಮರುದಿನ ನಿಲ್ಲಿಸಿದರೆ ಕೆಲವರಿಗೆ ಕಣ್ಣು ಕತ್ತಲೆ ಬರುತ್ತೆ. ಇನ್ನು ಕೆಲವರು ವಾಕರನ್ನೇ ಎಳ್ಕೊಂಡು ಏಳೋಕೆ ಹೋಗ್ತಾರೆ, ಅದು ವಾಲುತ್ತೆ. ಸರಿಯಾದ ಕ್ರಮ ಯಾವುದು? ಮನೆಯವರಿಗೆ ಏನು ಹೇಳಬೇಕು?

ಬೆಡ್‌ಸೈಡ್:
ಮೊದಲು ಕೇಸ್ ಶೀಟ್. ಕಾಲಿನ ಮೇಲೆ ಪೂರ್ತಿ ಭಾರವೋ, ಅರೆಭಾರವೋ ಬರೆದಿರದಿದ್ದರೆ ಫಿಸಿಯೋನ ಕೇಳಿ. ಅದು ನಾವು ಅಂದಾಜು ಮಾಡೋ ವಿಷಯ ಅಲ್ಲ. ನೋವಿನ ಮಾತ್ರೆ ನುಂಗಿ ಅರ್ಧ-ಮುಕ್ಕಾಲು ಗಂಟೆ ಆಗಿರಲಿ.

ಮಲಗಿದಾಗಲೇ ಒಮ್ಮೆ ಬಿಪಿ ನೋಡಿ. ಆಮೇಲೆ ಕಾಲು ಇಳಿಬಿಟ್ಟು ಕೂರಿಸಿ, ಎರಡು-ಮೂರು ನಿಮಿಷ ಪಾದ ಮೇಲೆ ಕೆಳಗೆ ಆಡಿಸಲಿ, ಮತ್ತೆ ಬಿಪಿ. ಬಿಪಿಯ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದಿದ್ದರೆ, ಬೆವರು ಬಂದರೆ, ಮಲಗಿಸಿ ಸಿಸ್ಟರ್‌ಗೆ ಹೇಳಿ. ರಕ್ತ ಹೋಗಿರುತ್ತೆ, ಊಟ ಸರಿಯಾಗಿ ಸೇರಿರಲ್ಲ, ಜೊತೆಗೆ ಬಿಪಿ ಮಾತ್ರೆ. ತಲೆ ತಿರುಗದೆ ಇನ್ನೇನು? ನರಕ್ಕೆ ಬ್ಲಾಕ್ (ಮರಗಟ್ಟಿಸೋ ಇಂಜೆಕ್ಷನ್) ಕೊಟ್ಟಿದ್ದರೆ ಕೂತಲ್ಲೇ ಮಂಡಿ ನೇರ ಮಾಡಿ ಹಿಡಿಯೋಕೆ ಹೇಳಿ. ಹಿಡಿಯೋಕೆ ಆಗದಿದ್ದರೆ ನಿಲ್ಲಿಸಬೇಡಿ, ಮಂಡಿ ಮಡಚಿಕೊಂಡು ಬೀಳ್ತಾರೆ.

ರಬ್ಬರ್‌ಬುಷ್:
ವಾಕರ್ ವಾಲೋದಕ್ಕೆ ಕಾರಣ ಹೆಚ್ಚಾಗಿ ಮಂಚ. ತಗ್ಗಾಗಿದ್ದರೆ ಎಳೆಯದೆ ಏಳೋಕೇ ಆಗಲ್ಲ. ಕೂತಾಗ ಸೊಂಟ ಮಂಡಿಗಿಂತ ಮೇಲಿರುವಷ್ಟು ಎತ್ತರಿಸಿ. ಆಪರೇಷನ್ ಆದ ಕಾಲು ಮುಂದಕ್ಕೆ ಚಾಚಿ, ಎರಡೂ ಕೈಯಿಂದ ಮಂಚ ಒತ್ತಿ ಏಳಲಿ. ನಿಂತ ಮೇಲೆ ಒಂದೊಂದೇ ಕೈ ವಾಕರ್‌ಗೆ. ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕಿರಬೇಕು. ವಾಕರ್‌ನ ನಾಲ್ಕೂ ಕಾಲಿನ ಗುಂಡಿ ಒಂದೇ ಮಟ್ಟದ ತೂತಿನಲ್ಲಿ ಕೂತಿದೆಯಾ ನೋಡಿ, ಕಾಲಿನ ತುದಿಯ ರಬ್ಬರ್ ಬುಷ್ ಸವೆದಿದ್ದರೆ ಆ ವಾಕರ್ ಬೇಡ.

ನೀವು ಆಪರೇಷನ್ ಆದ ಕಡೆ ಸ್ವಲ್ಪ ಹಿಂದೆ ನಿಂತು ಸೊಂಟದ ಬೆಲ್ಟ್ ಹಿಡೀರಿ. ಕಂಕುಳಿಗೆ ಕೈ ಹಾಕಿ ಎತ್ತಿದರೆ ಭುಜ ಹೋಗುತ್ತೆ. ವಾಕರ್, ಆಪರೇಷನ್ ಕಾಲು, ಆಮೇಲೆ ಒಳ್ಳೆ ಕಾಲು. ಜಾಸ್ತಿ ತಪ್ಪಾಗೋದು ತಿರುಗುವಾಗ: ಆಪರೇಷನ್ ಆದ ಪಾದ ಊರಿಕೊಂಡೇ ಅದೇ ಕಡೆಗೆ ಮೈ ತಿರುಗಿಸಿದರೆ ಕೀಲು ಒಳಕ್ಕೆ ತಿರುಚುತ್ತೆ. ಚಿಕ್ಕ ಚಿಕ್ಕ ಹೆಜ್ಜೆ ಇಟ್ಟೇ ತಿರುಗಲಿ. ಯೂರಿನ್ ಬ್ಯಾಗ್ ಮೂತ್ರಕೋಶಕ್ಕಿಂತ ಕೆಳಗೆ. ಸೀರೆ, ಪಂಚೆ ಕಾಲಿಗೆ ತೊಡರದಷ್ಟು ಮೇಲೆ. ಹವಾಯಿ ಚಪ್ಪಲಿ ಬೇಡವೇ ಬೇಡ.

ಡಿಸ್ಚಾರ್ಜ್_ದಿನ:
ಮನೆಯವರಿಗೆ: ಸರ್ಜನ್ ಹೇಳೋವರೆಗೆ ಇಂಡಿಯನ್ ಟಾಯ್ಲೆಟ್ ಇಲ್ಲ, ಚಕ್ಕಳಮಕ್ಕಳ ಇಲ್ಲ, ಸೊಂಟ 90 ಡಿಗ್ರಿಗಿಂತ ಬಗ್ಗಬಾರದು, ಕಾಲ ಮೇಲೆ ಕಾಲು ಬೇಡ. ಮಗ್ಗುಲಾದರೆ ಎರಡು ಕಾಲಿನ ನಡುವೆ ದಿಂಬು. "ಬಗ್ಗಬೇಡಿ" ಅಂದರೆ ಹೂಂ ಅಂತಾರೆ, ಬಚ್ಚಲಲ್ಲಿ ನೆಲದ ಚೊಂಬಿಗೆ ಕೈ ಹಾಕ್ತಾರೆ. ಚೊಂಬು, ಬಕೆಟ್ ಎರಡೂ ಸ್ಟೂಲ್ ಮೇಲಿಡಿಸಿ.

ಇದ್ದಕ್ಕಿದ್ದಂತೆ ಜೋರು ನೋವು, ಕಾಲು ಗಿಡ್ಡ, ಪಾದ ಒಳಕ್ಕೆ ತಿರುಗಿದೆ ಅಂದರೆ ಕೀಲು ತಪ್ಪಿರಬಹುದು. ಎಬ್ಬಿಸದೆ ಆಂಬುಲೆನ್ಸ್ ಕರೆಯಲಿ. ಮೀನಖಂಡ ಊದಿದರೆ, ಉಸಿರು ಕಟ್ಟಿದರೂ ತಡ ಮಾಡದೆ ಆಸ್ಪತ್ರೆಗೆ.

ಆರ್ಥೋ_ಸಹಾಯಕ:
ಚಕ್ರದ ಕಮೋಡ್ ಕುರ್ಚಿ ತಂದಿದ್ದಾರೆ, ಆಗುತ್ತಾ?

ರಬ್ಬರ್‌ಬುಷ್:
ಬ್ರೇಕ್ ಗಟ್ಟಿ ಹಿಡಿಯುತ್ತಾ ಅಲ್ಲಾಡಿಸಿ ನೋಡಿ. ಸಂಶಯ ಇದ್ದರೆ ಚಕ್ರ ಇಲ್ಲದ, ಕೈಹಿಡಿ ಇರೋದನ್ನೇ ತರಿಸಿ. ಒದ್ದೆ ನೆಲದಲ್ಲಿ ಕೂರೋ ಹೊತ್ತಿಗೆ ಚಕ್ರದ್ದು ಹಿಂದಕ್ಕೆ ಜಾರುತ್ತೆ.