ಟ್ರ್ಯಾಕ್ ಡೇಗೆ ಬ್ರೇಕ್ ಕೆಲಸ, ಹಾಸನದ ಹತ್ತಿರ ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ. ನನ್ನದು ಪೋಲೋ ಜಿಟಿ ಟಿಎಸ್‌ಐ ಕಾರು. ಶಿರಾಡಿ ಘಾಟಿ ಇಳಿಯುವಾಗ ಬ್ರೇಕ್ ಚೆನ್ನಾಗೇ ಹಿಡಿಯುತ್ತದೆ. ಟ್ರ್ಯಾಕ್ ಡೇ ಅಂದರೆ ನಮ್ಮ ಕಾರನ್ನೇ ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ; ಕೊಯಮತ್ತೂರಿನ ‘ಕರಿ’ ರೇಸ್ ಟ್ರ್ಯಾಕಿನಲ್ಲಿ ಮಾತ್ರ ಕೆಲವೇ ಲ್ಯಾಪ್‌ಗೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಯಿತು. ಪಿಟ್‌ಗೆ ಬಂದರೆ ಮುಂದಿನ ಚಕ್ರದಿಂದ ಸುಟ್ಟ ವಾಸನೆ.

ಬ್ರೇಕ್ ಆಯಿಲ್ ಕುದ್ದಿದೆ ಅನ್ಸುತ್ತೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿ ತಡೆಯಬೇಕು. ನೀರಿನಂಶ ಹೀರಿಕೊಂಡರೆ 155ರ ಸುಮಾರಿಗೇ ಕುದಿಯಬಹುದು. ನಮ್ಮ ಕಡೆ ಮಳೆಗಾಲ ಬೇರೆ ಕೇಳ್ಬೇಕಾ!

ಸದ್ಯಕ್ಕೆ ಡಾಟ್ 5.1 ಆಯಿಲ್, ಒಳ್ಳೆ ಬ್ರೇಕ್ ಪ್ಯಾಡ್ ಸಾಕು ಅಲ್ವಾ? ದೊಡ್ಡ ಡಿಸ್ಕ್ ಸುಮ್ನೆ ಜಾಸ್ತಿ ಖರ್ಚು. ಇಲ್ಲೊಬ್ಬರು ಡಾಟ್ 5 ಹಾಕೋಣ ಅಂದರು. ಅದು ಸಿಲಿಕೋನ್, ಡಾಟ್ 4 ಅಥವಾ 5.1ಕ್ಕೆ ಬೆರೆಸುವ ಹಾಗೇ ಇಲ್ಲ. ಹಾಸನ, ಚಿಕ್ಕಮಗಳೂರು ಕಡೆ ಬ್ರೇಕ್ ಲೈನಿನ ಏರ್ ಸರಿಯಾಗಿ ತೆಗೆದುಕೊಡುವ ಮೆಕ್ಯಾನಿಕ್ ಇದ್ದರೆ ಹೇಳಿ. ತಣ್ಣಗಿದ್ದಾಗಲೂ ಹಿಡಿಯುವ ಪ್ಯಾಡ್ ಯಾವುದು? ಅದೇ ಕಾರಿನಲ್ಲಿ ಮನೆಗೂ ಬರಬೇಕು.