ಸಹಾಯ ಬೇಕು: ಆಯಿಲ್ ವಾಶ್ ಒರೆಸುವಾಗ ಮಡಿಕೆಯೊಳಗಿನ ನೆರಳೂ ಕಿತ್ಕೊಂಡು ಬರ್ತಿದೆ

28 ಎಂಎಂ ಕಾಲಾಳು ಸೈನಿಕರ ಮಿನಿಯೇಚರ್‌ಗಳಿಗೆ (ಪುಟ್ಟ ಗೊಂಬೆಗಳಿಗೆ) ಆಯಿಲ್ ವಾಶ್, ಅಂದ್ರೆ ಮಡಿಕೆ-ಸಂದುಗಳಲ್ಲಿ ನೆರಳು ಬರ್ಲಿ ಅಂತ ಹಚ್ಚೋ ತೆಳು ಎಣ್ಣೆ ಬಣ್ಣ, ಹಾಕ್ತಿದೀನಿ, ಒಂದು ಕಡೆ ಸಿಕ್ಕಾಕೊಂಡಿದೀನಿ, ಗೊತ್ತಿರೋರು ಸ್ವಲ್ಪ ಹೇಳಿ. ಕೆಳಗಡೆ ಅಕ್ರಿಲಿಕ್ ಬಣ್ಣ, ಅದು ಪೂರ್ತಿ ಒಣಗಿದ್ಮೇಲೆ ಅಕ್ರಿಲಿಕ್ ಗ್ಲಾಸಿ ವಾರ್ನಿಶ್, ಅದರ ಮೇಲೆ ಬರ್ನ್ಟ್ ಅಂಬರ್ ಅನ್ನೋ ಗಾಢ ಕಂದು ಎಣ್ಣೆ ಬಣ್ಣಕ್ಕೆ ಚೂರು ಕಪ್ಪು ಸೇರಿಸಿ ವೈಟ್ ಸ್ಪಿರಿಟ್‌ನಲ್ಲಿ ಹಾಲಿನಷ್ಟು ತೆಳು ಮಾಡಿರೋ ವಾಶ್. ಟ್ಯೂಬ್ ಬಣ್ಣನ ಮೊದಲು ರಟ್ಟಿನ ಮೇಲೆ ಹಾಕಿ ಎಣ್ಣೆ ಹೀರೋಕೆ ಬಿಟ್ಟೇ ತಗೊಳ್ಳೋದು. ಹಚ್ಚಿದಾಗೇನೋ ಸಕತ್ತಾಗಿರತ್ತೆ, ಬೆಲ್ಟಿನ ಅಂಚು, ಬೆರಳುಗಳ ಸಂದು ಎಲ್ಲಾ ಕಡೆ ತಾನೇ ಹರ್ಕೊಂಡು ಹೋಗಿ ಕೂರತ್ತೆ.

ತೊಂದ್ರೆ ಇರೋದು ಒರೆಸೋದ್ರಲ್ಲಿ. ಅರ್ಧ ಗಂಟೆ ಬಿಟ್ಟು ವೈಟ್ ಸ್ಪಿರಿಟ್ ಸೋಕಿಸಿದ ಕಾಟನ್ ಬಡ್‌ನಲ್ಲಿ ಮೇಲಿಂದ ಕೆಳಗೆ ಒರೆಸಿದ್ರೆ ಉಬ್ಬಿರೋ ಜಾಗ ಕ್ಲೀನ್ ಆಗತ್ತೆ ಆದ್ರೆ ಕೋಟಿನ ಅಗಲವಾದ ಮಡಿಕೆಗಳಲ್ಲಿ ಕೂತಿರೋದೂ ಜೊತೆಗೇ ಬಂದ್ಬಿಡತ್ತೆ, ಚೂಪು ಗೆರೆಗಳಲ್ಲಿ ಮಾತ್ರ ಉಳಿಯತ್ತೆ. ಸರಿ ಅಂತ ಮಾರನೇ ದಿನದ ತನಕ ಬಿಟ್ರೆ ಭುಜದ ಮೇಲೆ, ಮೊಣಕಾಲಿನ ಮೇಲೆ ಕಂದು ಮಬ್ಬು ಹಾಗೇ ಅಂಟ್ಕೊಂಡಿರತ್ತೆ, ಉಜ್ಜಿದ್ರೆ ಕೆಳಗಿನ ಬಣ್ಣಕ್ಕೇ ಏಟು ಬೀಳತ್ತೇನೋ ಅಂತ ಭಯ. ವಾರ್ನಿಶ್ ಇಲ್ದೆ ನೇರ ಮ್ಯಾಟ್ ಬಣ್ಣದ ಮೇಲೂ ಹಾಕಿ ನೋಡ್ದೆ, ಕಲೆ ಇಡೀ ಬಟ್ಟೆಗೇ ಹಿಡೀತು, ಹಳೇ ಕೊಳೆ ಸಮವಸ್ತ್ರಕ್ಕೆ ಅದು ಓಕೆ, ಎದೆ ಮೇಲಿನ ಬಿಳಿ ಅಡ್ಡಪಟ್ಟಿಗೆ (ಕ್ರಾಸ್‌ಬೆಲ್ಟ್‌ಗೆ) ಆಗಲ್ಲ. ಒಣ ಮೇಕಪ್ ಸ್ಪಂಜ್ ಸ್ವಲ್ಪ ವಾಸಿ, ಆದ್ರೆ ಬಂದೂಕಿನ ಹಿಂದೆ ಅದು ತೂರಲ್ಲ.

ಅಗಲ ಮಡಿಕೆಯಲ್ಲಿ ನೆರಳು ಉಳೀಬೇಕು ಅಂದ್ರೆ ಗ್ಲಾಸಿ ಬದ್ಲು ಸ್ಯಾಟಿನ್ (ಅರ್ಧ ಹೊಳಪಿನ) ವಾರ್ನಿಶ್ ಹಾಕ್ಬೇಕಾ, ಇಲ್ಲಾ ಗ್ಲಾಸಿ ಮೇಲೇ ಇನ್ನೂ ಕೆಲವು ಗಂಟೆ ಕಾದು ಒರೆಸ್ಬೇಕಾ? ಎಷ್ಟು ಹೊತ್ತಿಗೆ, ಯಾವುದ್ರಲ್ಲಿ ಒರೆಸ್ತೀರಾ ಅಂತಾನೂ ಹೇಳಿ ಪ್ಲೀಸ್.