ಫೌಂಡ್ರಿ, ಮೆಷಿನ್ ಶಾಪ್, ಗ್ರಾಹಕ: ಮೂವರ ಲೆಕ್ಕ ಒಂದಾಗುವುದು ಹೇಗೆ?

ಪ್ರಶ್ನೆ: ಸರ್, ಮಾಚೇನಹಳ್ಳಿಯಲ್ಲಿ ನಮ್ಮದು ಮೆಷಿನ್ ಶಾಪ್. ಶಿವಮೊಗ್ಗದ ಎರಡು ಫೌಂಡ್ರಿಗಳಿಂದ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ) ಕಾಸ್ಟಿಂಗ್, ಅಂದರೆ ಎರಕದ ಭಾಗ, ಕೊಳ್ಳುತ್ತೇವೆ, ಮೆಷಿನಿಂಗ್ (ಕೊರೆದು, ತುರಿದು ಅಳತೆಗೆ ತರುವ ಕೆಲಸ) ಮುಗಿಸಿ ಹೊಸೂರಿನ ಕಂಪನಿಗೆ ಕಳಿಸುತ್ತೇವೆ. ಬೇಡದ ಪಾರ್ಟ್ ಗುಡ್ಡೆ ಬಿದ್ದಿರುತ್ತದೆ, ಬೇಕಾದದ್ದು ಇರುವುದಿಲ್ಲ. ಎಲ್ಲರೂ ಒಂದೇ ಇಆರ್‌ಪಿ (ಸ್ಟಾಕ್, ಆರ್ಡರ್, ಲೆಕ್ಕ ಎಲ್ಲ ಒಂದೆಡೆ ಹಿಡಿಯುವ ಸಾಫ್ಟ್‌ವೇರ್) ಹಾಕಿಸಿಕೊಂಡರೆ ಸರಿಹೋದೀತೇ?

ಉತ್ತರ (ಸಪ್ಲೈ ಚೈನ್ ಸಲಹೆಗಾರರು): ಇಆರ್‌ಪಿ ಆಮೇಲಿನ ಮಾತು. ಮೊದಲು ಹೆಸರು, ಅಳತೆ ಎರಡೂ ಹೊಂದಬೇಕು. ಗ್ರಾಹಕರದು ಪಾರ್ಟ್ ನಂಬರು, ಫೌಂಡ್ರಿಯದು ಪ್ಯಾಟರ್ನ್ (ಎರಕದ ಅಚ್ಚು ಮೂಡಿಸುವ ಮಾದರಿ) ನಂಬರು, ನಿಮ್ಮದು ಮತ್ತೊಂದು ಕೋಡು. ಮೂರನ್ನೂ ಎಕ್ಸೆಲ್‌ನಲ್ಲಿ ಒಂದೇ ಸಾಲಿಗೆ ತನ್ನಿ, ಪಕ್ಕದಲ್ಲಿ ಡ್ರಾಯಿಂಗ್ ರಿವಿಷನ್ (ನಕ್ಷೆ ಎಷ್ಟನೇ ಸಲ ತಿದ್ದಿದ್ದು ಎಂಬ ಗುರುತು) ಇರಲಿ. ಆ ಕಾಲಂ ಬಿಟ್ಟರೆ ಹಳೆ ಡ್ರಾಯಿಂಗಿನ ಮಾಲು ಹೊಸದರ ಜೊತೆ ಬೆರೆತು ಲೋಡೇ ವಾಪಸ್ಸು ಬರುತ್ತದೆ.

ಫೌಂಡ್ರಿಯವರು ಟನ್‌ನಲ್ಲಿ ಯೋಚಿಸುತ್ತಾರೆ, ನೀವು ಪೀಸ್‌ನಲ್ಲಿ. ಕಾಸ್ಟಿಂಗ್ ತೂಕ ಲೆಕ್ಕಕ್ಕಿಂತ ಹೆಚ್ಚುಕಡಿಮೆ ಆಗುತ್ತದೆ. 8 ಕೆಜಿ ಎಂದು ಲೆಕ್ಕ ಹಿಡಿದ ಪಾರ್ಟ್ 8.2 ಕೆಜಿ ಆಗಿದ್ದರೆ 10 ಟನ್ನಿಗೆ ಸುಮಾರು 30 ಪೀಸ್ ಕಾಗದದಲ್ಲಿ ಮಾತ್ರ ಇರುತ್ತವೆ. ತಿಂಗಳಿಗೊಮ್ಮೆ 20 ಪೀಸ್ ತೂಗಿ ಸರಾಸರಿ ತಿದ್ದಿ. ಮಾಲಿನ ಜೊತೆ ಬರುವ ಚಲನ್‌ನಲ್ಲಿ ಪೀಸ್ ಸಂಖ್ಯೆ ಬರೆಯಲೇಬೇಕು.

ಇನ್ನು ಗುಡ್ಡೆಯ ವಿಷಯ. ಗ್ರಾಹಕರು 1,000 ಕೇಳುತ್ತಾರೆ. ಎಲ್ಲಿ ಕಡಿಮೆ ಬಿದ್ದೀತೋ ಎಂದು ನೀವು 1,100 ಕೇಳುತ್ತೀರಿ, ಫೌಂಡ್ರಿಯವರು 1,210 ಹೊಯ್ಯುತ್ತಾರೆ. ಗ್ರಾಹಕರು 800ಕ್ಕೆ ಇಳಿದರೆ ಉಳಿದದ್ದೆಲ್ಲ ನಿಮ್ಮಿಬ್ಬರ ಅಂಗಳದಲ್ಲಿ. ಹಾಗಾಗಿ ಹೊಸೂರಿನ ಗ್ರಾಹಕರ ಶೆಡ್ಯೂಲ್ (ಯಾವ ವಾರ ಎಷ್ಟು ಬೇಕೆಂಬ ಪಟ್ಟಿ) ಇದ್ದದ್ದು ಇದ್ದಂತೆ, ದರ ಮಾತ್ರ ಮರೆಮಾಡಿ, ಫೌಂಡ್ರಿಗೂ ಕಾಣಬೇಕು. ಮೊದಲ 2 ವಾರದ ಸಂಖ್ಯೆ ಬದಲಾಗದು, ಮುಂದಿನ 2 ವಾರ ಶೇ. 15ರೊಳಗೆ ಏರಿಳಿಯಬಹುದು ಎಂದು ಮೂವರೂ ಬರೆದು ಸಹಿ ಹಾಕಿ. ಆ ಮೊದಲ 2 ವಾರದೊಳಗೆ ಗ್ರಾಹಕರು ಕಡಿತ ಮಾಡಿದರೆ ಹೊಯ್ದಾದ ಮಾಲಿನ ಹೊಣೆ ಅವರದೇ ಎಂಬ ಸಾಲೂ ಅದರಲ್ಲಿರಲಿ. ಬಹಳ ಕಡೆ ಸಂಕೋಚಕ್ಕೆ ಬಿಡುವುದು ಇದೇ ಸಾಲನ್ನು. ಮುಂದಿನ ಜಗಳವೆಲ್ಲ ಅಲ್ಲಿಂದಲೇ ಹುಟ್ಟುತ್ತದೆ.

ಪ್ರಶ್ನೆ: ಹಾಗಾದರೆ ಸ್ಟಾಕ್ ಎಷ್ಟಿರಬೇಕು ಸರ್? ದಿನಕ್ಕೆ 240 ಪೀಸ್ ಓಡುತ್ತದೆ, ಬಿನ್‌ಗೆ 48.

ಉತ್ತರ: ಖಾಲಿ ಬಿನ್ ಫೌಂಡ್ರಿಗೆ ಹೋಗಿ ತುಂಬಿ ಬರಲು 3 ದಿನ ಎಂದುಕೊಳ್ಳಿ. 240 × 3 = 720; ಶೇ. 20 ಭದ್ರತೆಗೆ ಸೇರಿಸಿದರೆ 864. ಅದನ್ನು 48ರಿಂದ ಭಾಗಿಸಿದರೆ 18 ಬಿನ್, 18 ಕಾನ್ಬಾನ್ ಕಾರ್ಡ್ (ಖಾಲಿ ಬಿನ್ ಜೊತೆ ಹೋಗಿ ‘ಇಷ್ಟು ಹೊಯ್ಯಿರಿ’ ಎನ್ನುವ ಚೀಟಿ). ಕಾರ್ಡ್ ಬಾರದೆ ಫೌಂಡ್ರಿ ಹೊಯ್ಯಬಾರದು. ನಮ್ಮ ಮಳೆಗಾಲದಲ್ಲಿ ಕರೆಂಟ್ ಕೈಕೊಡುತ್ತದೆ, ಕೋರ್ (ಕಾಸ್ಟಿಂಗ್‌ನೊಳಗೆ ಟೊಳ್ಳು ಬಿಡಿಸಲು ಇಡುವ ಮರಳಿನ ಅಚ್ಚು) ತೇವ ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 4 ದಿನ ಹಿಡಿದರೆ 24 ಕಾರ್ಡ್ ಬೇಕು. ಅಕ್ಟೋಬರ್‌ನಲ್ಲಿ ಆ 6 ಕಾರ್ಡ್ ಮರೆಯದೆ ಹಿಂತೆಗೆಯಿರಿ.

ಇನ್ನೊಂದು ಉತ್ತರ (ಗುಣಮಟ್ಟ ವಿಭಾಗದವರು): ತೇವದ ಕೋರ್‌ನಿಂದಾಗುವ ಬ್ಲೋ ಹೋಲ್ (ಅನಿಲದ ಗುಳ್ಳೆಯಿಂದಾದ ತೂತು) ಎಷ್ಟೋ ಸಲ ಹೊರಗೆ ಕಾಣುವುದೇ ಇಲ್ಲ, ಮೆಷಿನಿಂಗ್ ಆದ ಮೇಲಷ್ಟೇ ತೆರೆದುಕೊಳ್ಳುತ್ತದೆ. ಅಷ್ಟರಲ್ಲಿ ಅದೇ ಹೀಟ್‌ನ (ಒಂದೇ ಸಲ ಕರಗಿಸಿದ ಲೋಹದ) ಮಾಲು ನಿಮ್ಮ ಬಿನ್‌ಗಳಲ್ಲೂ ಸೇರಿರುತ್ತದೆ. ಪ್ರತಿ ಕಾಸ್ಟಿಂಗ್ ಮೇಲೂ ಹೀಟ್ ಕೋಡ್ ಇರಬೇಕು, ಮೆಷಿನಿಂಗ್ ಮಾಡದ ಮುಖದ ಮೇಲೆ. ಇಲ್ಲದಿದ್ದರೆ ಮೊದಲ ಕಟ್‌ನಲ್ಲೇ ಅಳಿಸಿಹೋಗುತ್ತದೆ. ಕೋಡ್ ಇದ್ದರೆ ಆ ಹೀಟ್ ಒಂದನ್ನೇ ಬೇರ್ಪಡಿಸಬಹುದು, ಇಲ್ಲವಾದರೆ 18 ಬಿನ್ನನ್ನೂ ತಡೆಹಿಡಿಯಬೇಕು. ದೋಷದ ಫೋಟೊ, ಕೋಡ್ ಸಮೇತ ಅದೇ ಪಾಳಿಯಲ್ಲಿ ಫೌಂಡ್ರಿಗೆ ಹೋಗಲಿ. ವ್ಯರ್ಥವಾದ ಮೆಷಿನಿಂಗ್ ಖರ್ಚು ಯಾರದು ಎಂಬುದನ್ನೂ ಮೊದಲೇ ಬರೆದಿಡಿ.

ಪ್ರಶ್ನೆ: ಒಂದು ಫೌಂಡ್ರಿಯವರು ಕಾಸ್ಟಿಂಗ್ ಮಾರದೆ ಜಾಬ್ ವರ್ಕ್‌ಗೆ (ಮಾಲು ಅವರದೇ, ನಮಗೆ ಮೆಷಿನಿಂಗ್ ಕೂಲಿ ಮಾತ್ರ) ಕೊಡುತ್ತೇವೆ ಎನ್ನುತ್ತಿದ್ದಾರೆ. ತೊಂದರೆಯಿದೆಯೇ?

ಉತ್ತರ (ಲೆಕ್ಕಪತ್ರ ವಿಭಾಗದವರು): ಜಿಎಸ್‌ಟಿಯಲ್ಲಿ ಜಾಬ್ ವರ್ಕ್‌ಗೆ ಕೊಟ್ಟ ಮಾಲು 1 ವರ್ಷದೊಳಗೆ ಮರಳಬೇಕು ಅಥವಾ ನಿಮ್ಮಲ್ಲಿಂದಲೇ ಅವರ ಬಿಲ್ಲಿನಲ್ಲಿ ಹೋಗಬೇಕು. ಇಲ್ಲದಿದ್ದರೆ ಕಳಿಸಿದ ದಿನವೇ ಪೂರೈಕೆಯಾಗಿತ್ತೆಂದು ತೆರಿಗೆ ಬೀಳುತ್ತದೆ. ಮೂಲೆಯಲ್ಲಿ ಬಿದ್ದ ರಿಜೆಕ್ಷನ್ ಮಾಲೇ ಹೆಚ್ಚಾಗಿ ಇದಕ್ಕೆ ಸಿಕ್ಕಿಬೀಳುವುದು; ತಿಂಗಳಿಗೊಮ್ಮೆ ಚಲನ್ ಸಮೇತ ವಾಪಸ್ಸು ಕಳಿಸಿಬಿಡಿ. ಐಟಿಸಿ-04 (ಜಾಬ್ ವರ್ಕ್‌ಗೆ ಹೋಗಿ ಬಂದ ಮಾಲಿನ ಜಿಎಸ್‌ಟಿ ವಿವರಪಟ್ಟಿ) ಸಲ್ಲಿಸುವುದು ಫೌಂಡ್ರಿಯ ಕೆಲಸ, ಆದರೆ ಅಂಕಿ ನಿಮ್ಮಿಂದಲೇ ಹೋಗಬೇಕು.